ಹನ್ನೊಂದು ಗುಲಾಬಿ ಜೆರ್ಸಿಗಳು

ನಮ್ಮ ಊರಿನ ಫುಟ್‌ಬಾಲ್ ಮೈದಾನದಲ್ಲಿ ಒತ್ತಿಕೊಂಡು ಕೂತರೂ ನಾಲ್ಕು ಸಾವಿರ ಜನಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ನಲವತ್ತೊಂದು ವರ್ಷದ ಹಿಂದೆ ಅಲ್ಲಿ ನಡೆದ ‘ಗುಲಾಬಿ ಪಂದ್ಯ’ವನ್ನು ಕಣ್ಣಾರೆ ಕಂಡೆ ಎನ್ನುವವರು ಮಾತ್ರ, ನನ್ನ ಅಂದಾಜಿನಲ್ಲಿ, ಹನ್ನೊಂದು ಸಾವಿರ ದಾಟಿದ್ದಾರೆ. ಅವರಲ್ಲಿ ಮೂವರು ಆಗಿನ್ನೂ ಹುಟ್ಟಿಯೇ ಇರಲಿಲ್ಲ. ನಾನು ಲಾಂಡ್ರಿ ನಡೆಸುವವಳು, ಗಿರಾಕಿಯ ವಯಸ್ಸನ್ನು ಅವನ ಪ್ಯಾಂಟಿನ ಸೊಂಟ ನೋಡಿ ಹೇಳಬಲ್ಲೆ. ಆದರೂ ಅವರು ಕತೆ ಹೇಳುವಾಗ ಬಾಯಿಗೆ ಬೀಗ ಹಾಕಿಕೊಂಡು ಇಸ್ತ್ರಿ ಮಾಡುತ್ತೇನೆ.

ಆ ಪಂದ್ಯದವರೆಗೆ ನಮ್ಮ ತಂಡದ ಬಣ್ಣ ಬಿಳಿ. ಸತತವಾಗಿ ಒಂಬತ್ತು ಪಂದ್ಯ ಸೋತಿದ್ದ ತಂಡ ಆ ಭಾನುವಾರ ಗುಲಾಬಿ ಜೆರ್ಸಿ ತೊಟ್ಟು ಮೈದಾನಕ್ಕೆ ಇಳಿಯಿತು, ಒಂದು ಗೋಲಿನಿಂದ ಗೆದ್ದೇಬಿಟ್ಟಿತು. ಅಂದಿನಿಂದ ನಮ್ಮ ಬಾವುಟ, ಟಿಕೆಟ್ಟು, ಗೋಲಿನ ಕಂಬ, ಆಟಗಾರರು ಕೂರುವ ಬೆಂಚು ಎಲ್ಲವೂ ಗುಲಾಬಿ. ಯಾಕೆ ಗುಲಾಬಿ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಕ್ಯಾಪ್ಟನ್‌ಗೆ ಹೆಣ್ಣುಮಗು ಹುಟ್ಟಿತ್ತಂತೆ. ಎದುರಾಳಿಗಳನ್ನು ನಗಿಸಿ ಮೈಮರೆಸುವ ಉಪಾಯವಂತೆ. ಅಭಿಮಾನಿ ಸಂಘದ ಅಧ್ಯಕ್ಷರಾದ ಹಲ್ಲಿನ ಡಾಕ್ಟರಂತೂ ಅದು ಬೆಳಗಿನ ಜಾವದ ಬಣ್ಣ, ಹೊಸ ಆರಂಭದ ಸಂಕೇತ ಎಂದು ಪುಸ್ತಕವನ್ನೇ ಬರೆದಿದ್ದಾರೆ. ಅವರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರಿಗೆ ಈ ಸಂಕೇತದ ವಿಚಾರ ಪೂರ್ತಿ ಕೇಳದೆ ವಿಧಿಯಿಲ್ಲ.

ನಿಜವಾದ ಕಾರಣ ನಮ್ಮ ಲಾಂಡ್ರಿಯ ಹಂಡೆ. ಆಗ ತಂಡದ ಜೆರ್ಸಿಗಳನ್ನು ಒಗೆಯುತ್ತಿದ್ದವರು ನನ್ನ ಅಪ್ಪ. ಪಂದ್ಯದ ದಿನ ಬೆಳಗ್ಗೆ ಹನ್ನೊಂದು ಬಿಳಿ ಜೆರ್ಸಿ ಹಂಡೆಗೆ ಹೋದವು, ಹನ್ನೊಂದು ಗುಲಾಬಿ ಜೆರ್ಸಿ ಹೊರಗೆ ಬಂದವು. ಬೇರೆ ಜೆರ್ಸಿ ಇರಲಿಲ್ಲ. ತಂಡದ ಮ್ಯಾನೇಜರ್ ಅಪ್ಪನನ್ನು ನಿಂತ ಕಾಲಲ್ಲೇ ಕೆಲಸದಿಂದ ತೆಗೆದರು. ಮಧ್ಯಾಹ್ನ ತಂಡ ಗೆದ್ದ ಮೇಲೆ ಮ್ಯಾನೇಜರನ್ನು ಜನ ಹೆಗಲ ಮೇಲೆ ಹೊತ್ತು ಕುಣಿದರು. ಅಪ್ಪನನ್ನು ಮತ್ತೆ ಕೆಲಸಕ್ಕೆ ಕರೆಯಬೇಕು ಎಂಬುದು ಆ ಎತ್ತರದಿಂದ ಅವರಿಗೆ ಕಾಣಲಿಲ್ಲ.

ಅಪ್ಪ ಆಮೇಲೆ ಆ ಮೈದಾನದ ಗೇಟು ದಾಟಲಿಲ್ಲ. ಕೇಳಿದವರಿಗೆಲ್ಲ ಒಂದೇ ಮಾತು: “ಕೆಲಸ ಕೆಟ್ಟ ಜಾಗಕ್ಕೆ ಯಾವ ಮುಖ ಇಟ್ಕೊಂಡು ಹೋಗ್ಲಿ.” ಭಾನುವಾರ ಅಂಗಡಿಯ ಮೆಟ್ಟಿಲ ಮೇಲೆ ಕೂತು ರೇಡಿಯೋ ಕಿವಿಗೆ ಒತ್ತಿಕೊಳ್ಳುವವರು. ಎರಡು ಬೀದಿ ಆಚೆ ಗೋಲಿನ ಕೂಗು ಎದ್ದರೆ ಕಾಲಿನ ಹೆಬ್ಬೆರಳು ತಾನಾಗಿ ಕುಣಿಯುತ್ತಿತ್ತು.

ಈಗ ಮೈದಾನವನ್ನೇ ಕೆಡವುವವರಿದ್ದರು. ಭಾನುವಾರ ಕೊನೆಯ ಪಂದ್ಯ, ಸೋಮವಾರ ಯಂತ್ರಗಳು ಬರುತ್ತವೆ. ಅಪ್ಪನಿಗೆ ಎಪ್ಪತ್ತೆಂಟು. ಇನ್ನೊಂದು ಸಲವಾದರೂ ಅವರ ಪಕ್ಕ ಕೂತು ಪಂದ್ಯ ನೋಡಬೇಕೆಂದು ನನಗೆ ಜೀವ ಹೊಡೆದುಕೊಳ್ಳುತ್ತಿತ್ತು. ಎರಡು ಟಿಕೆಟ್ ತಂದು ಇಸ್ತ್ರಿಪೆಟ್ಟಿಗೆಯ ಕೆಳಗೆ ಇಟ್ಟೆ. ಅಪ್ಪ ಅವನ್ನು ಎತ್ತಿ ಮಡಚಿ ನನ್ನ ಕೈಗೇ ಕೊಟ್ಟರು. ಅವರನ್ನು ಗೇಟು ದಾಟಿಸುವ ಮಾತು ನನ್ನ ಹತ್ತಿರ ಒಂದಿತ್ತು. ಏಳು ವರ್ಷದವಳಿದ್ದಾಗ ನುಂಗಿಕೊಂಡ ಮಾತು ಅದು, ನಲವತ್ತೆಂಟಾದರೂ ಕಕ್ಕಲು ಧೈರ್ಯ ಬಂದಿರಲಿಲ್ಲ.

ಏನಾಯಿತೆಂದು ಹೇಳಿಯೇಬಿಡುತ್ತೇನೆ. ಅದು ನನ್ನ ಮೊದಲ ಪಂದ್ಯ. ಅಪ್ಪನಿಗೆ ಸಿಕ್ಕಿದ್ದ ಎರಡು ಪಾಸ್‌ಗಳಲ್ಲಿ ಒಂದು ನನಗೆ. ಚಿಕ್ಕಮ್ಮ ಹೆಣೆದುಕೊಟ್ಟಿದ್ದ ಕೆಂಪು ಉಣ್ಣೆ ಟೋಪಿ ಹಾಕಿಕೊಂಡೇ ಹೋಗಬೇಕೆಂದು ನನ್ನ ಹಟ. ಅದರ ಮೇಲೆ ಜಾಮ್ ಕಲೆಯಿತ್ತು. “ಇಂಥ ಕೊಳೆ ಟೋಪಿ ಹಾಕ್ಕೊಂಡು ಹೋದ್ರೆ ಲಾಂಡ್ರಿಯವರ ಮಗಳು ಅಂದ್ರೆ ಯಾರಾದ್ರೂ ನಂಬ್ತಾರಾ” ಎಂದರು ಅಮ್ಮ. ಅದು ನನ್ನ ಮಾನಕ್ಕೆ ತಗುಲಿತು. ಅಪ್ಪ ಟೀ ಕುಡಿಯಲು ಒಳಗೆ ಹೋಗಿದ್ದಾಗ ಮುಚ್ಚಳ ಸರಿಸಿ ಟೋಪಿಯನ್ನು ಕುದಿಯುವ ಹಂಡೆಗೆ ಹಾಕಿದೆ, ಕೋಲಿನಿಂದ ನಾಲ್ಕು ಸುತ್ತು ತಿರುಗಿಸಿಯೂ ಬಂದೆ.

ಬಣ್ಣದ ಬಟ್ಟೆಯ ವಿಷಯದಲ್ಲಿ ಅಪ್ಪನ ಶಿಸ್ತು ಇಡೀ ಬೀದಿಗೆ ಗೊತ್ತು. ಬಟ್ಟೆಯ ಮೂಲೆ ಒದ್ದೆ ಮಾಡಬೇಕು, ಬಿಳಿ ಚಿಂದಿಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಚಿಂದಿಗೆ ಬಣ್ಣ ಹತ್ತಿದರೆ ಆ ಬಟ್ಟೆಗೆ ಬೇರೆ ತೊಟ್ಟಿ. ಆ ಚಿಂದಿ ಇವತ್ತಿಗೂ ಅವರ ಜೇಬಿನಲ್ಲಿರುತ್ತದೆ. ಅಂಥ ಮನುಷ್ಯ ಮ್ಯಾನೇಜರ್ ಮುಂದೆ ತಲೆ ತಗ್ಗಿಸಿ “ನೋಡ್ದೆ ಹಾಕ್ಬಿಟ್ಟೆ ಸಾರ್” ಎಂದಾಗ ನಾನು ಬಾಗಿಲ ಹಿಂದೆ ನಿಂತಿದ್ದೆ, ಟೋಪಿಯನ್ನು ಹಂಡೆಯಿಂದ ಕದ್ದು ತೆಗೆದು ತಲೆಗೆ ಹಾಕಿಕೊಂಡು.

ಆದರೂ ಅಪ್ಪ ನನ್ನನ್ನು ಪಂದ್ಯಕ್ಕೆ ಕರೆದುಕೊಂಡು ಹೋದರು. “ಕೆಲಸ ಹೋದ್ರೆ ಹೋಯ್ತು, ಮಗೂಗೆ ಮಾತು ಕೊಟ್ಟಿದೀನಿ” ಎಂದರು. ಅವರು ಟೋಪಿ ನೋಡಲಿಲ್ಲ ಎಂದುಕೊಂಡೆ. ಕಾಲರಿನ ಕೊಳೆ ನೋಡಿ ಅಂಗಿ ಯಾರದೆಂದು ಹೇಳುವ ಮನುಷ್ಯ, ತನ್ನ ಮಗಳ ತಲೆಯಿಂದ ಕೆಂಪು ನೀರು ತೊಟ್ಟಿಕ್ಕುವುದನ್ನು ನೋಡಲಿಲ್ಲವಂತೆ. ನನಗೆ ಅನುಕೂಲವಾಗುವುದನ್ನು ನಂಬುವುದರಲ್ಲಿ ನಾನು ಚಿಕ್ಕಂದಿನಿಂದಲೂ ಜಾಣೆ.

ಶನಿವಾರ ಸಂಜೆ ಅಭಿಮಾನಿ ಸಂಘದ ಸಭೆ. ವಿಷಯ: ‘ನನ್ನ ಮೊದಲ ಪಂದ್ಯ’. ಮೇಜಿಗೆ ಹೊದಿಸುವ ಗುಲಾಬಿ ಬಟ್ಟೆಗಳು ನಮ್ಮಲ್ಲೇ ಇಸ್ತ್ರಿಗೆ ಬಂದಿದ್ದವು. ಅವನ್ನು ಒಬ್ಬಳೇ ಹೊರಲಾರೆ ಎಂದು ಸುಳ್ಳು ಹೇಳಿ ಅಪ್ಪನನ್ನು ಜೊತೆಗೆ ಎಳೆದುಕೊಂಡು ಹೋದೆ. ಬಟ್ಟೆ ಹಾಸಿದ ಮೇಲೆ ಅವರು ಹಿಂದಿನ ಸಾಲಿನಲ್ಲಿ ಬಾಗಿಲ ಪಕ್ಕ ಕೂತರು, ಬೆಂಕಿ ಬಿದ್ದರೆ ಮೊದಲು ಓಡುವವರ ಹಾಗೆ.

ಒಬ್ಬೊಬ್ಬರಾಗಿ ಮೈಕಿನ ಮುಂದೆ ಬಂದರು. ಎಲ್ಲರ ಮೊದಲ ಪಂದ್ಯವೂ ಗುಲಾಬಿ ಪಂದ್ಯವೇ. ಕ್ಷೌರದಂಗಡಿಯವರು ತಮ್ಮ ಅಪ್ಪನ ಹೆಗಲ ಮೇಲೆ ಕೂತು ಗೋಲು ನೋಡಿದರಂತೆ. ಲೆಕ್ಕ ಹಾಕಿದೆ, ಆಗ ಅವರಿಗೆ ಹತ್ತೊಂಬತ್ತು. ಗೋಲು ಎಡಗಾಲಿನಿಂದ ಬಂತೆಂದು ಒಬ್ಬರು, ತಲೆಯಿಂದ ಎಂದು ಇನ್ನೊಬ್ಬರು ವಾದಕ್ಕೆ ಇಳಿದರು. ಡಾಕ್ಟರು ಎದ್ದು, ಚೆಂಡು ಬೆಳಗಿನ ಸೂರ್ಯನಂತೆ ಬಲೆಯೊಳಗೆ ಉದಯಿಸಿತು ಎಂದು ತೀರ್ಪು ಕೊಟ್ಟರು. ಪಂದ್ಯ ನಡೆದದ್ದು ಮಧ್ಯಾಹ್ನ ಮೂರಕ್ಕೆ.

ಕೊನೆಗೆ ಔಷಧಿ ಅಂಗಡಿಯವರು ಬಂದರು. ಹೆಚ್ಚು ಮಾತಿನ ಮನುಷ್ಯನಲ್ಲ.

“ನಾನಾಗ ಕಾಲೇಜು ಸೇರಿದ್ದೆ. ಪ್ರಥಮ ಚಿಕಿತ್ಸೆ ಪೆಟ್ಟಿಗೆ ಕೊಟ್ಟು ಮೈದಾನದಲ್ಲಿ ನಿಲ್ಸಿದ್ರು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ನೋಡ್ತೀನಿ, ಒಂದು ಪುಟ್ಟ ಹುಡುಗಿ. ಹಣೆ, ಕೆನ್ನೆ, ಕತ್ತು, ಎಲ್ಲಾ ಕಡೆ ರಕ್ತ ಇಳೀತಾ ಇದೆ. ಅಳ್ತಾನೇ ಇಲ್ಲ. ಟೋಪಿ ಬಿಚ್ಚಿ ನೋಡೋಕೂ ಧೈರ್ಯ ಬರ್ಲಿಲ್ಲ. ಪೆಟ್ಟಿಗೇಲಿದ್ದ ಬ್ಯಾಂಡೇಜೆಲ್ಲ ಅವಳ ತಲೆಗೇ ಸುತ್ದೆ.” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಅಷ್ಟು ಧೈರ್ಯದ ಮಗೂನ ನಾನು ಆಮೇಲೆ ಕಂಡಿಲ್ಲ. ಅಂಗಡಿ ಇಟ್ಟಿದ್ದೂ ಅವಳನ್ನ ನೆನೆಸ್ಕೊಂಡೇ. ಅವಳು ಬದುಕಿದಾಳೋ ಇಲ್ವೋ ಅನ್ನೋದು ಮಾತ್ರ ಇವತ್ತಿಗೂ ಗೊತ್ತಿಲ್ಲ.”

ಮುಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಆ ಮನುಷ್ಯ ವಾರಕ್ಕೆ ಆರು ಬಿಳಿ ಅಂಗಿ ನನ್ನ ಕೈಗೇ ಕೊಡುತ್ತಾರೆ. ನನಗೆ ನಾಚಿಕೆಯಾಯಿತು. ಆ ಸಭೆಯಲ್ಲಿ ಅವತ್ತು ಸುಳ್ಳು ಸೇರದ ನೆನಪು ಅದೊಂದೇ, ಅದರಲ್ಲಿ ಸುಳ್ಳು ನಾನೇ ಆಗಿದ್ದೆ. ಕಾಲು ತಾವಾಗಿ ಎದ್ದವು.

“ಬದುಕಿದಾಳೆ,” ಎಂದೆ. “ನಿಮ್ಮ ಅಂಗಿಗೆ ಗಂಜಿ ಹಾಕ್ತಾಳೆ.”

ಆಮೇಲೆ ನಿಲ್ಲಿಸಲಾಗಲಿಲ್ಲ. ಜಾಮ್ ಕಲೆ, ಟೋಪಿ, ಹಂಡೆ, ಕೋಲು, ನಾಲ್ಕು ಸುತ್ತು ಎಲ್ಲವನ್ನೂ ಹೇಳಿದೆ. “ರಕ್ತ ಅಲ್ಲ, ಉಣ್ಣೆ ಬಣ್ಣ. ನಮ್ಮಪ್ಪ ಏನೂ ಕೆಡಿಸಿಲ್ಲ. ಕೆಡಿಸಿದ್ದು ನಾನು. ಕೆಲಸ ಹೋಗಿದ್ದು ಅವರದು” ಎಂದು ಮುಗಿಸಿದೆ.

ಜನ ಅಳುತ್ತಾರೆ ಎಂದುಕೊಂಡಿದ್ದೆ, ಸಿಟ್ಟಾದರು. ಕ್ಷೌರದಂಗಡಿಯವರು “ಹಾಗಾದ್ರೆ ಕ್ಯಾಪ್ಟನ್ ಮಗು?” ಎಂದು ಜಗಳಕ್ಕೇ ಬಂದರು. ಡಾಕ್ಟರು ಬೆವರು ಒರೆಸಿಕೊಂಡು, “ಅಮ್ಮಾ, ಪುಸ್ತಕ ಪ್ರೆಸ್ಸಿಗೆ ಹೋಗಿದೆ. ಇದನ್ನ ಹೋದ ವಾರ ಹೇಳಿದ್ರೆ ಏನಾದ್ರೂ ಮಾಡ್ಬಹುದಿತ್ತು” ಎಂದರು. ಔಷಧಿ ಅಂಗಡಿಯವರು ಮಾತ್ರ ಬಹಳ ಹೊತ್ತು ನನ್ನ ತಲೆಯನ್ನೇ ನೋಡಿದರು. “ನನ್ನ ಹೆಂಡತಿ ನನ್ನ ಮದುವೆ ಆಗಿದ್ದೇ ಈ ಕತೆ ಕೇಳಿ,” ಎಂದು ಮೆಲ್ಲಗೆ ಹೇಳಿದರು. “ಮನೆಗೆ ಹೋಗಿ ಹೇಳ್ಬೇಕಾ ಅಂತ ಯೋಚಿಸ್ತಿದೀನಿ.”

ಹಿಂದೆ ತಿರುಗಿ ನೋಡಿದರೆ ಅಪ್ಪ ಇರಲಿಲ್ಲ.

ಓಡಿಹೋಗಿ ಬೀದಿಯ ತಿರುವಿನಲ್ಲಿ ಹಿಡಿದೆ. ಅವರು ಎಂದಿನಂತೆ ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದರು.

“ಅಪ್ಪಾ, ಬೈದುಬಿಡಿ,” ಎಂದೆ.

“ಯಾಕೆ? ಟೋಪಿ ವಿಷಯ ನಂಗೆ ಅವತ್ತೇ ಗೊತ್ತಿತ್ತು. ಹಂಡೆ ತಳದಲ್ಲಿ ಉಣ್ಣೆ ಎಳೆ ಸಿಕ್ತು.”

“ಮತ್ತೆ ಇಷ್ಟು ವರ್ಷ ಮೈದಾನಕ್ಕೆ ಯಾಕೆ ಬರ್ಲಿಲ್ಲ?”

ಅಪ್ಪ ನಿಂತರು. “ಬಂದ್ರೆ ಯಾರಾದ್ರೂ ಕೇಳೇ ಕೇಳ್ತಾರೆ, ಅದು ಹೇಗೆ ಗುಲಾಬಿ ಆಯ್ತು ಅಂತ. ಒಂದು ಸಲ ಸುಳ್ಳು ಹೇಳಿದ್ದಕ್ಕೇ ಮೂರು ದಿನ ನಿದ್ದೆ ಬರ್ಲಿಲ್ಲ. ದಿನಾ ಹೇಳೋಕಾಗುತ್ತಾ? ನಿಜ ಹೇಳಿದ್ರೆ ನಿನ್ನನ್ನ ಈ ಊರು ಸುಮ್ನೆ ಬಿಡ್ತಿತ್ತಾ? ಅದಕ್ಕೇ ಬರ್ಲಿಲ್ಲ.” ನಾಲ್ಕು ಹೆಜ್ಜೆ ನಡೆದು ಮತ್ತೆ ಹೇಳಿದರು: “ಈಗ ನೀನೇ ಮೈಕಲ್ಲಿ ಹೇಳಿಬಿಟ್ಟೆ. ಇನ್ನು ನಂಗೇನು? ಟಿಕೆಟ್ ಇನ್ನೂ ಇದೆಯಾ?”

ನಾನು ಬೀದಿಯಲ್ಲೇ ಅತ್ತೆ. ಈ ಮನುಷ್ಯ ನನಗೋಸ್ಕರ ನಲವತ್ತೊಂದು ವರ್ಷ ಮೆಟ್ಟಿಲ ಮೇಲೆ ಕೂತಿದ್ದರು, ನಾನು ಅದೇ ಮೆಟ್ಟಿಲು ದಾಟಿಕೊಂಡು ಪಂದ್ಯಕ್ಕೆ ಹೋಗಿ ಬಂದು, ಆಟ ಹೇಗಿತ್ತೆಂದು ಅವರಿಗೇ ವರ್ಣಿಸಿದ್ದೆ. ಅಪ್ಪ ಜೇಬಿನಿಂದ ಚಿಂದಿ ತೆಗೆದುಕೊಟ್ಟರು. ಮೂಗು ಒರೆಸಿಕೊಂಡೆ.

ಭಾನುವಾರ ಮಧ್ಯಾಹ್ನ ಗುಲಾಬಿ ಬೆಂಚುಗಳ ಮೂರನೇ ಸಾಲಿನಲ್ಲಿ ಕೂತೆವು. ಅಪ್ಪ ಹೊಸ ಅಂಗಿ ಹಾಕಿದ್ದರು, ಎರಡೆರಡು ಸಲ ಇಸ್ತ್ರಿ ಮಾಡಿದ್ದು. ಆಟ ಅರ್ಧ ಮುಗಿದ ಮೇಲೆ ಒಂದು ಗುಟ್ಟು ಹೇಳಿದರು. “ಅವತ್ತು ಗೋಲು ಹೇಗಿತ್ತು ಅಂತ ನಂಗೊತ್ತಿಲ್ಲ. ನಿನ್ನ ಬ್ಯಾಂಡೇಜು ಕಣ್ಣಿಗೆ ಜಾರಿತ್ತು, ಅದನ್ನ ಮೇಲೆ ಎತ್ತುತ್ತಾ ಇದ್ದೆ.”

“ನಾನೂ ನೋಡ್ಲಿಲ್ಲಪ್ಪ. ಬ್ಯಾಂಡೇಜು ನನ್ನ ಕಣ್ಣ ಮೇಲಿತ್ತಲ್ಲ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಿಜವಾಗಿ ಅಲ್ಲಿದ್ದ ಇಬ್ಬರು ಗೋಲು ನೋಡಿರಲಿಲ್ಲ, ಉಳಿದ ಹನ್ನೊಂದು ಸಾವಿರ ಜನ ನೋಡಿದ್ದರು.

ಆಟ ಮುಗಿಯಲು ಇನ್ನೇನು ಐದು ನಿಮಿಷವಿರುವಾಗ ಸುತ್ತಲಿನವರೆಲ್ಲ ಒಟ್ಟಿಗೆ ಎದ್ದು ಕೂಗಿದರು. ಬೆಂಚುಗಳು ಅದುರಿದವು. ನಾನು ಅಪ್ಪನ ಕಡೆ ತಿರುಗಿದ್ದೆ, ಅವರ ಮುಖ ನೋಡಬೇಕೆಂದು. ಅಪ್ಪ ಬಗ್ಗಿದ್ದರು. ಮುಂದಿನ ಸಾಲಿನಲ್ಲಿದ್ದ ಪುಟ್ಟ ಮಗುವಿನ ಹೊಸ ಗುಲಾಬಿ ಟೋಪಿಯ ಮೇಲೆ ಯಾರೋ ನೀರು ಚೆಲ್ಲಿದ್ದರು. ಅದರ ಒದ್ದೆಯಾದ ಅಂಚನ್ನು ಚಿಂದಿಗೆ ಹಿಡಿದು ಹೆಬ್ಬೆರಳಿನಿಂದ ಒತ್ತುತ್ತಿದ್ದರು.

“ಇದು ಬಣ್ಣ ಬಿಡುತ್ತೆ ನೋಡು,” ಎಂದು ಚಿಂದಿ ತೋರಿಸಿದರು. “ಯಾಕೆ ಎಲ್ಲಾ ಎದ್ದು ನಿಂತಿದಾರೆ? ಗೋಲಾಯ್ತಾ?”