ನಾಜಿಹಾಳ ತೆಳು ಗೆರೆ

ಸ್ಫಾಕ್ಸ್ ನಗರದ ಆ ಪ್ರಯೋಗಾಲಯದಲ್ಲಿ ಎಲ್ಲರೂ ಗೌರವದಿಂದ 'ಸಿ ಲಝ್ಹರ್' ಎಂದು ಕರೆಯುತ್ತಿದ್ದ ಹಿರಿಯರ ಮಾತಿಗೆ ಎದುರಾಡುವವರು ಯಾರೂ ಇರಲಿಲ್ಲ, ಹಯ್ಫಾ ಒಬ್ಬಳನ್ನು ಬಿಟ್ಟು. ಅವರು ಮುಖ್ಯಸ್ಥರು, ಸ್ನಾಯುರೋಗಗಳ ಪರೀಕ್ಷೆಯಲ್ಲೇ ತಲೆ ನರೆತವರು. ಹಯ್ಫಾ ಈಚೆಗೆ ಸೇರಿದ ಸಂಶೋಧಕಿ.

ವಾದ ಹತ್ತಿದ್ದು ನಾಜಿಹಾಳ ವಿಷಯಕ್ಕೆ. ಕರ್ಕೆನ್ನಾ ದ್ವೀಪದ ಈ ಶಿಕ್ಷಕಿಗೆ ಮೆಟ್ಟಿಲು ಹತ್ತುವುದೇ ಕಷ್ಟವಾಗಿತ್ತು. ಸ್ನಾಯುವನ್ನು ಗಟ್ಟಿಯಾಗಿಡುವ ಒಂದು ಪ್ರೋಟೀನು ಅವಳ ತೊಡೆಯಿಂದ ತೆಗೆದ ಚೂರಿನಲ್ಲಿ ಇದೆಯೇ ಎಂದು ನೋಡಬೇಕಿತ್ತು. ಅದು ಇಲ್ಲವೇ ಇಲ್ಲವಾದರೆ ಬೇಗನೆ ಗಾಲಿಕುರ್ಚಿ. ಸ್ವಲ್ಪವಾದರೂ ಇದ್ದರೆ ರೋಗ ನಿಧಾನ. ಆ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯವನ್ನು, ಸ್ನಾಯುವಿನ ರಸ ಹಿಡಿದಿಟ್ಟ ಬಿಳಿ ಪೊರೆಯ ಮೇಲೆ ಹರಿಸಿದರೆ, ಪ್ರೋಟೀನು ಇರುವಲ್ಲಿ ಕಪ್ಪು ಗೆರೆ ಮೂಡಬೇಕು. ಗೆರೆ ಕಾಣಲಿಲ್ಲ. ಲಝ್ಹರ್ ಪ್ರತಿಕಾಯವನ್ನು ಹೆಚ್ಚಿಸಿದರು. ಪೊರೆಯೆಲ್ಲ ಮಸಿ ಒರೆಸಿದಂತಾಯಿತು. ಉಳಿದ ಚೂರು ಇನ್ನೊಂದೇ ಪ್ರಯತ್ನಕ್ಕೆ ಸಾಲುವಷ್ಟಿತ್ತು. "ಇಲ್ಲ" ಎಂದು ಬರೆದುಬಿಡೋಣ ಎಂದರು ಅವರು.

ಹಯ್ಫಾ ಒಪ್ಪಲಿಲ್ಲ. "ಪ್ರತಿಕಾಯ ಜಾಸ್ತಿಯಾಗಿ ಕಂಡಕಂಡಲ್ಲಿ ಕೂತಿದೆ, ಸಿ ಲಝ್ಹರ್. ನಂಗೆ ಅದರ ಹತ್ತರಲ್ಲಿ ಒಂದು ಪಾಲು ಸಾಕು."

"ಕಾಣದ್ದನ್ನ ಕಾಣಿಸೋಕೆ ಇರೋದನ್ನೂ ಕಡಿಮೆ ಮಾಡ್ತೀಯಾ ಮಗಳೇ?"

"ಹರೀಸಾ ಖಾರ ಸುರಿದ್ರೆ ಮೀನಿನ ರುಚಿ ಗೊತ್ತಾಗುತ್ತಾ ನಿಮ್ಗೆ?"

ಪಕ್ಕದವರು ನಕ್ಕರು. ಲಝ್ಹರ್ ಕೂಡ ನಗು ತಡೆಯಲಾರದೆ ಒಪ್ಪಿಕೊಂಡರು.

ಆದರೆ ಅವಳು ಆ ಚೂರನ್ನು ಕೂಡಲೇ ಮುಟ್ಟಲಿಲ್ಲ. ಆರೋಗ್ಯವಂತರ ಸ್ನಾಯುವಿನ ರಸವನ್ನು ತೆಳು ಮಾಡುತ್ತ, ಅತ್ಯಂತ ತೆಳುವಾದದ್ದರಲ್ಲೂ ಗೆರೆ ಕಾಣುವ ತನಕ ಹದ ಹುಡುಕಿದಳು. ಪೊರೆಯ ಖಾಲಿ ಜಾಗ ಮುಚ್ಚಲು ಬಳಸುತ್ತಿದ್ದ ಹಾಲಿನ ಪುಡಿಯೂ ಗೆರೆಯನ್ನು ಮಸುಕಾಗಿಸುತ್ತಿತ್ತು; ಅದನ್ನು ಬದಲಿಸಿದಳು. ಪ್ರತಿಕಾಯಕ್ಕೆ ಅಂಟಿಕೊಳ್ಳಲು ತಣ್ಣನೆಯಲ್ಲಿ ಹೆಚ್ಚು ಹೊತ್ತು ಕೊಟ್ಟಳು, ತೊಳೆಯುವುದನ್ನೂ ಹೆಚ್ಚಿಸಿದಳು. ಆಮೇಲೆ ನಾಜಿಹಾಳ ಸರದಿ.

ಪೊರೆ ಈ ಸಲ ಬೆಳ್ಳಗಿತ್ತು, ಒಬ್ಬೊಬ್ಬರ ರಸಕ್ಕೆ ಒಂದೊಂದು ಸಾಲು. ಆರೋಗ್ಯವಂತರ ಸಾಲಿನಲ್ಲಿ ದಪ್ಪ ಗೆರೆ. ಪ್ರೋಟೀನು ಇಲ್ಲವೇ ಇಲ್ಲವೆಂದು ಮೊದಲೇ ಗೊತ್ತಿದ್ದ ರೋಗಿಯ ಸಾಲು ಖಾಲಿ. ನಾಜಿಹಾಳ ಸಾಲಿನಲ್ಲಿ, ದಪ್ಪ ಗೆರೆಯ ಎತ್ತರದಲ್ಲೇ, ಕೂದಲೆಳೆಯಂಥದ್ದು.

ಲಝ್ಹರ್ ಖಾಲಿ ಸಾಲನ್ನು ಬಹಳ ಹೊತ್ತು ನೋಡಿದರು. ಅದು ಖಾಲಿಯಾಗಿಯೇ ಇತ್ತು; ಹಾಗಾದರೆ ನಾಜಿಹಾಳ ಸಾಲಿನ ಎಳೆ ಮಸಿಯಲ್ಲ, ಪ್ರೋಟೀನೇ. ಕನ್ನಡಕ ತೆಗೆದು, ವರದಿಯನ್ನು ನೀನೇ ಬರೆ, ಇನ್ನು ಎಲ್ಲರೂ ಹೀಗೇ ಮಾಡಲಿ ಎಂದರು.

ವೈದ್ಯರಿಂದ ವಿಷಯ ತಿಳಿದ ನಾಜಿಹಾ ಮರುವಾರ ಹಡಗು ಹತ್ತಿ ಬಂದಳು. ಗೆರೆಯನ್ನು ಕಣ್ಣಾರೆ ನೋಡಬೇಕಂತೆ. ಹಯ್ಫಾ ಚಿತ್ರ ತೋರಿಸಿದಳು.

"ಇಷ್ಟೇನಾ?" ಎಂದಳು ನಾಜಿಹಾ.

"ಇಷ್ಟೇ. ಆದ್ರೆ ಇದೆ."

ನಾಜಿಹಾ ಅದರ ಫೋಟೊ ತೆಗೆದುಕೊಂಡು, ಮಧ್ಯಾಹ್ನದ ತರಗತಿಗೆ ಹೊತ್ತಾಯಿತೆಂದು ನಿಧಾನವಾಗಿ ಮೆಟ್ಟಿಲಿಳಿದು ಹೊರಟಳು.