ಬೀಟೆ ಬಣ್ಣದ ಬೆಂಚು

"ಏಯ್, ಬೆಂಚು ಮುಟ್ಬೇಡ್ರೋ! ಇನ್ನೂ ಹಸಿ ಐತೆ!"

ಪಡಸಾಲೆಯಿಂದ ಬೆಂಚನ್ನು ಅಂಗಳಕ್ಕೆ ಎಳೆದು ತರುತ್ತಿದ್ದ ಚಿನ್ನಪ್ಪ ಅತ್ತಿಗೆಯ ಕೂಗಿಗೆ ಬೆಚ್ಚಿಬಿದ್ದ. ಗಂಡನ ಹೆಣದ ತಲೆದೆಸೆಯಲ್ಲಿ ಕೂತು ಅಳುತ್ತಿದ್ದ ಅಶ್ವತ್ಥಮ್ಮ ಅಳು ನಿಲ್ಲಿಸಿ ಎದ್ದೇ ಬಂದಿದ್ದಳು.

"ಪಾಪ, ತಲೆ ಕೆಟ್ಟೈತೆ," ಎಂದು ನಾದಿನಿ ಸೊಣ್ಣಮ್ಮ ಅವಳ ರಟ್ಟೆ ಹಿಡಿದು ಕೂರಿಸಿದಳು.

"ತಲೆ ನೆಟ್ಟಗೈತೆ ಕಣೇ. ನಿಮ್ಮಣ್ಣ ನಿನ್ನೆ ಸಾಯಂಕಾಲ ಬಣ್ಣ ಬಳ್ದವ್ನೆ."

ಬಳಿದವನು ಬೆಳಗಿನ ಜಾವ ಎದೆ ಹಿಡಿದುಕೊಂಡು ಕೂತು, ಮತ್ತೆ ಏಳಲಿಲ್ಲ. ಈಗ ಚಿಕ್ಕಬಾಣಾವರದ ಅರ್ಧ ಊರು ಅಂಗಳದಲ್ಲಿತ್ತು, ಕೂರಲು ಜಾಗವಿರಲಿಲ್ಲ. ಚಿನ್ನಪ್ಪ ಬೆಂಚನ್ನು ಹೊಂಗೆ ಮರದ ನೆರಳಿಗೆ ಹಾಕಿಯೇಬಿಟ್ಟ.

*

ಎಮರ್ಜೆನ್ಸಿ ಮುಗಿದ ವರ್ಷ ಪೀಣ್ಯದ ಕಾರ್ಖಾನೆಗೆ ಹೊಸ ಯಂತ್ರ ಬಂದಿತ್ತು. ಅದರ ಪೆಟ್ಟಿಗೆಯ ಹಲಗೆಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದ ಅಶ್ವತ್ಥಮ್ಮನ ಗಂಡ ರಾಮಾಂಜಿನಪ್ಪ ಈ ಬೆಂಚು ಮಾಡಿದ. "ಬೀಟೆ ಬಣ್ಣ ಬರಿಸ್ತೀನಿ, ನೋಡ್ತಿರು," ಎಂದು ಹೆಂಡತಿಗೆ ಮಾತು ಕೊಟ್ಟ.

ಮೊದಲು ಇಟ್ಟಿಗೆ ಬಣ್ಣ ಬಂತು. ಉಪ್ಪುಕಾಗದದಲ್ಲಿ ಉಜ್ಜಿ ತೆಗೆದು ಮತ್ತೆ ಬಳಿದರೆ ಬದನೆಕಾಯಿಯಾಯಿತು. ಅಂಗಡಿಯ ಬಣ್ಣದ ಪುಡಿಗೆ ಎಲೆಯಡಿಕೆಯ ಕಾಚು ಕದಡಿ ನೋಡಿದ. ಬೆಲ್ಲ ಹಾಕಿದ್ದೆಂಬುದನ್ನು ಮರೆತು ಕಾಫಿ ಸುರಿದ ವಾರ, ಬೆಂಚಿನ ತುಂಬ ಇರುವೆ.

"ಎಂಗೈತೆ?"

"ಊಹೂಂ. ಬೀಟೆ ಇಂಗಿರ್ತದಾ?"

ಅಶ್ವತ್ಥಮ್ಮ ಜನ್ಮದಲ್ಲಿ ಬೀಟೆ ಮರ ನೋಡಿದವಳಲ್ಲ. ಆದರೆ ಬೆಂಚಿಗೆ ಮೊದಲು ಗಂಡನ ಭಾನುವಾರಗಳೆಲ್ಲ ರೈಲ್ವೆ ಸ್ಟೇಷನ್ ಹಿಂದಿನ ಇಸ್ಪೀಟಿಗೆ ಹೋಗುತ್ತಿದ್ದವು. ಈಗ ಅವನು ಅಂಗಳದಲ್ಲೇ ಇರುತ್ತಿದ್ದ.

"ಒಸಿ ಕಾಫಿ ಕೊಡೇ."

"ಕುಡಿಯಾಕೋ, ಬಳಿಯಾಕೋ?"

ಇಬ್ಬರೂ ನಗುತ್ತಿದ್ದರು. ಕಡೆಗೆ ನಿನ್ನೆ ಸಂಜೆ ಬಣ್ಣ ನಿಜಕ್ಕೂ ಚೆಂದ ಕಂಡಿತು. ಬೆಂಚಿನ ಕೆಲಸ ಮುಗಿದರೆ ಅವನು ಮತ್ತೆ ಇಸ್ಪೀಟಿಗೆ ಹೋದಾನು ಅನಿಸಿತು ಅವಳಿಗೆ. "ಒಣಗ್ಲಿ ಬುಡು, ನಾಳೆ ಯೋಳ್ತೀನಿ," ಅಂದಳು.

*

ಇಸ್ಪೀಟಿನ ನರಸಿಂಹಯ್ಯ ತನ್ನ ಮೂವರು ಜೊತೆಗಾರರೊಂದಿಗೆ ಬಂದ. ನಾಲ್ವರೂ ಮಡಿ ಮಾಡಿದ ಬಿಳಿ ಪಂಚೆಯಲ್ಲಿದ್ದರು. ಹೆಣಕ್ಕೆ ಕೈಮುಗಿದು, ಸೀದಾ ಹೋಗಿ ಬೆಂಚಿನ ಮೇಲೆ ಕೂತರು.

"ಕೂರ್ಬೇಡಿ ಕಣ್ರಣ್ಣಾ..." ಎಂದು ಅಶ್ವತ್ಥಮ್ಮ ಬಾಯಿ ತೆರೆದಳು.

"ಸುಮ್ಕಿರತ್ಗೆ!" ಸೊಣ್ಣಮ್ಮ ಗದರಿದಳು.

ತುಸು ಹೊತ್ತು ನಿಟ್ಟುಸಿರು ಬಿಟ್ಟ ಮೇಲೆ ನರಸಿಂಹಯ್ಯ ಬಗ್ಗಿ ಬೆಂಚಿನ ಕಾಲು ನೋಡಿದ. "ಇದು ತೇಗ ಏನ್ಲಾ?"

"ಬೀಟೆ ಕಣೋ. ಕಣ್ಣು ಕಾಣಲ್ವಾ?" ಎಂದ ಪಕ್ಕದವನು.

"ಇವ್ನ ಸಂಬಳಕ್ಕೆ ಬೀಟೆನಾ?"

"ಪೆಟ್ಟಿಗೆ ಹಲಗೆ ಕಣ್ರಪ್ಪಾ," ಅಂದ ಚಿನ್ನಪ್ಪ.

"ನಮ್ ಕಿವಿಗೇ ಹೂವ ಮಡಗ್ತೀಯಾ? ಅಪ್ಪಟ ಬೀಟೆ!"

ಅಶ್ವತ್ಥಮ್ಮ ಗಂಡನ ಕಿವಿಯ ಹತ್ತಿರ ಬಗ್ಗಿದಳು. "ಕೇಳ್ದಾ? ಬಂತಂತೆ ಕಣಯ್ಯಾ. ನಂಗೆ ನಿನ್ನೆನೇ ಗೊತ್ತಿತ್ತು." ಬೆಳಗ್ಗೆಯಿಂದ ಅತ್ತದ್ದೆಲ್ಲ ಅಳುವೇ ಅಲ್ಲವೆನ್ನುವ ಹಾಗೆ ಅತ್ತಳು.

ತಮಟೆ ಬಡಿಯಿತು, ಚಟ್ಟ ಎದ್ದಿತು. ನಾಲ್ವರೂ ಬೆಂಚಿನಿಂದ ಏಳಲು ಹೋದರು, ಪಂಚೆಗಳು ಒಪ್ಪಲಿಲ್ಲ. ಕಿತ್ತುಕೊಂಡು ಎದ್ದು, ಹಿಂದೆ ತಿರುಗಿಯೂ ನೋಡದೆ ಚಟ್ಟದ ಹಿಂದೆ ಸಾಲಾಗಿ ನಡೆದರು.

ಬಾಗಿಲಲ್ಲಿ ನಿಂತಿದ್ದ ಅಶ್ವತ್ಥಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಭುಜಗಳು ಕುಲುಕಿದವು.

"ಅಳ್ಲಿ ಬುಡ್ರೇ, ಅತ್ರೆ ಅಗುರಾಯ್ತದೆ," ಎಂದು ಸೊಣ್ಣಮ್ಮ ಅವಳ ಬೆನ್ನು ಸವರಿದಳು.

ರಸ್ತೆಯ ತಿರುವಿನವರೆಗೂ, ನಾಲ್ಕು ಬಿಳಿ ಪಂಚೆಗಳ ಹಿಂಭಾಗದಲ್ಲಿ, ಬೀಟೆ ಬಣ್ಣ ಬಿಸಿಲಿಗೆ ಫಳಫಳ ಹೊಳೆಯುತ್ತ ಹೋಯಿತು.