ತಗ್ಗಿಸಿದ ಫಿಯಟ್ಟು

ಆಟೋದಿಂದ ಮಂಡಿ ಹಿಡಿದುಕೊಂಡು ಇಳಿಯುತ್ತಿದ್ದ ಜಲಜಾಳಿಗೆ ಸತ್ತ ಅಕ್ಕನಿಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಭಾವನ ಕಾರು. ಶಾಮಿಯಾನದ ಆಚೆ, ನುಗ್ಗೆ ಮರದ ಬುಡದಲ್ಲಿ, ಕೆನೆ ಬಣ್ಣದ ಆ ಹಳೇ ಫಿಯಟ್ಟು ಹೊಟ್ಟೆಯನ್ನು ನೆಲಕ್ಕೆ ಆನಿಸಿಕೊಂಡು ಕೂತಿತ್ತು. ಬೆಳಿಗ್ಗೆಯೇ ಯಾರೋ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಯೂ ಇದ್ದರು. ಮನೆಯೊಡತಿಯನ್ನು ಒಳಗೆ ಮಲಗಿಸಿರುವ ದಿನ ಕಾರು ಒರೆಸುವ ಬುದ್ಧಿ ಯಾರಿಗಾದರೂ ಬಂದೀತೇ? ಬರುತ್ತದೆ, ಚನ್ನಕೇಶವ ಭಾವನಿಗೆ ಬರುತ್ತದೆ. ಜಲಜಾ ಹಲ್ಲು ಕಚ್ಚಿಕೊಂಡು, ಸೀರೆಯಿದ್ದ ಕವರನ್ನು ಕಂಕುಳಿಗೆ ಒತ್ತಿಕೊಂಡು ಒಳಗೆ ನಡೆದಳು.

ನಡುಮನೆಯಲ್ಲಿ ಜಯದೇವಿಯನ್ನು ಚಾಪೆಯ ಮೇಲೆ ಮಲಗಿಸಿ ತಲೆಯ ಹತ್ತಿರ ದೀಪ ಇಟ್ಟಿದ್ದರು. ಕೆನ್ನೆಗೆ ಅರಿಶಿನ, ಹಣೆ ತುಂಬ ಕುಂಕುಮ, ಎರಡೂ ಕೈಗೆ ಹಸಿರು ಬಳೆ. ಹಿಂದಿನ ದಿನ ಸಂಜೆ ಯಾರದೋ ಸೀರೆಗೆ ಫಾಲ್ ಹಚ್ಚುತ್ತಾ ಕೂತವಳು ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟಳಂತೆ. ಇಟ್ಟ ತಲೆ ಎತ್ತಲಿಲ್ಲವಂತೆ. ಸುತ್ತ ಕೂತಿದ್ದ ಹೆಂಗಸರು ಮುತ್ತೈದೆ ಸಾವು, ಪುಣ್ಯವಂತೆ ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರಲ್ಲಿ ಅರ್ಧ ಜನ ಉಟ್ಟಿದ್ದ ಸೀರೆಗಳ ಅಂಚಿನಲ್ಲಿ ಅಕ್ಕನ ಹೊಲಿಗೆಯೇ ಇತ್ತು. ಮೂಡಲಪಾಳ್ಯದ ಆ ಬೀದಿಯಲ್ಲಿ ಅವಳ ಕೈ ದಾಟದೆ ಹೊಸ ಸೀರೆಯೊಂದು ಮೈಗೇರಿದ್ದೇ ಕಡಿಮೆ.

ಜಲಜಾ ಅಕ್ಕನ ಪಕ್ಕದಲ್ಲಿ ಕೂತು ಮನಸಾರೆ ಅತ್ತಳು. ಅತ್ತು ಮುಗಿದ ಮೇಲೆ ಕವರನ್ನು ತೊಡೆಯ ಮೇಲಿಟ್ಟುಕೊಂಡಳು, ಬಿಚ್ಚಲಿಲ್ಲ.

ಬೋರಜ್ಜಿ ಗಂಟಲು ಸರಿಮಾಡಿಕೊಂಡಳು. ಭಾವನಿಗೆ ದೂರದ ಅತ್ತೆಯಾಗಬೇಕಾದ ಈ ಮುದುಕಿ ಆ ಬೀದಿಯ ಹುಟ್ಟು ಸಾವುಗಳಿಗೆಲ್ಲ ಯಜಮಾನಿ. ಹೊತ್ತಾಗ್ತಿದೆ, ತವರಿನ ಸೀರೆ ಹೊದಿಸವ್ವ, ಅದು ಬೀಳದೆ ಹೆಣ ಎತ್ತೋ ಹಾಗಿಲ್ಲ ಅಂದಳು. ರಾಮೋಹಳ್ಳಿಯ ತವರಿನಲ್ಲಿ ಈಗ ಉಳಿದವರು ಯಾರು? ಅಣ್ಣ ತಮ್ಮಂದಿರು ಹುಟ್ಟಲೇ ಇಲ್ಲ, ಅಪ್ಪ ಅಮ್ಮ ಹೋಗಿ ಕಾಲವಾಯಿತು. ತವರು ಅಂದರೆ ಈಗ ಜಲಜಾ ಒಬ್ಬಳೇ. ಅದಕ್ಕೇ ಮಹಾಲಕ್ಷ್ಮಿ ಲೇಔಟಿನಲ್ಲಿ ಗುರುತಿನ ಸೀರೆ ಅಂಗಡಿಯವನ ಮನೆ ಬಾಗಿಲು ತಟ್ಟಿ, ಬೆಳಬೆಳಿಗ್ಗೆ ಅಂಗಡಿ ತೆಗೆಸಿ, ಕೆಂಪಂಚಿನ ಹಸಿರು ಸೀರೆ ತಂದಿದ್ದಳು.

"ಹೊದಿಸ್ತೀನಿ ಅಜ್ಜಿ," ಅಂದಳು ಜಲಜಾ. "ಅದಕ್ಕೆ ಮುಂಚೆ ತವರಿನೋಳಾಗಿ ನಾನೊಂದು ಮಾತು ಕೇಳ್ಬೇಕು."

ಹೆಣದ ಮುಂದೆ ತವರಿನವರು ಕೇಳಿದ ಮಾತಿಗೆ ಗಂಡನ ಮನೆಯವರು ಉತ್ತರ ಕೊಡಲೇಬೇಕು, ಅದು ಹಿಂದಿನಿಂದ ಬಂದದ್ದು. ಬಾಗಿಲಿಗೊರಗಿ ನಿಂತಿದ್ದ ಭಾವ ತಲೆ ಎತ್ತಿದರು.

*

ಆ ಕಾರು ಮೊದಲು ಬಂದಾಗ ಅದರಷ್ಟು ಎತ್ತರದ್ದು ಲೋಕದಲ್ಲೇ ಇಲ್ಲ ಎಂದು ಅಕ್ಕತಂಗಿಯರಿಬ್ಬರಿಗೂ ಅನಿಸಿತ್ತು. ಭಾವ ಆಗ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದರು. ಯಾರೋ ಸಾಹೇಬರು ಮಾರಿದ ಫಿಯಟ್ಟನ್ನು ಕೊಂಡು, ಹೂವಿನ ಹಾರ ಹಾಕಿಸಿ, ನೇರ ರಾಮೋಹಳ್ಳಿಗೆ ಓಡಿಸಿಕೊಂಡು ಬಂದಿದ್ದರು. ಅಮ್ಮ ಆರತಿ ಎತ್ತಿದಳು. ಜಲಜಾಳ ಮದುವೆಗೆ ಹೆಣ್ಣು ಹೊತ್ತದ್ದು ಅದೇ ಕಾರು, ಬಾಣಂತನಕ್ಕೆ ಕರೆತಂದದ್ದೂ ಅದೇ. ಹಿಂದಿನ ಸೀಟಿನಲ್ಲಿ ಮಕ್ಕಳು ಮರಿ ಎಲ್ಲ ತುಂಬಿದ ಮೇಲೆ ಸಂದಿಯಲ್ಲಿ ಅಕ್ಕ ಕೂರುತ್ತಿದ್ದಳು. ಅಕ್ಕ ಬಲು ಗಿಡ್ಡ, ಕಾಲು ನೆಲಕ್ಕೆ ಎಟಕುತ್ತಲೇ ಇರಲಿಲ್ಲ. ಕೆಂಗೇರಿ ದಾಟುವವರೆಗೂ ಚಿಕ್ಕ ಹುಡುಗಿಯ ಹಾಗೆ ಕಾಲಾಡಿಸುತ್ತಿದ್ದಳು. ನಗು ಬಂದರೆ ಮಾತ್ರ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಮುಂದಿನ ಹಲ್ಲು ಸೊಟ್ಟ ಎಂಬ ನಾಚಿಕೆ ಅವಳಿಗೆ ಹುಟ್ಟಿದಾಗಿನಿಂದಲೂ.

ಕಾರಿಳಿದರೆ ಭಾವ ಹತ್ತು ಮಾರು ಮುಂದೆ, ಅಕ್ಕ ಹತ್ತು ಮಾರು ಹಿಂದೆ. ದೇವಸ್ಥಾನವಾಗಲಿ, ಛತ್ರವಾಗಲಿ, ಅದೇ ಲೆಕ್ಕ. ಧಾರೆಯ ದಿನ ಪುರೋಹಿತರು ಹಿಡಿಸಿದ ಕೈಯನ್ನು ಭಾವ ನಾಲ್ಕು ಜನರ ಮುಂದೆ ಮತ್ತೆ ಹಿಡಿದದ್ದನ್ನು ಜಲಜಾ ಕಂಡವಳಲ್ಲ. ಕೆಟ್ಟ ಮನುಷ್ಯ ಅಂತಲ್ಲ, ಆ ಕಾಲದ ಗಂಡಸು.

ಆಮೇಲೆ ಮಗ ಯಶ್ವಂತ ಹೊಸ ಕಾರು ತಂದ. ಫಿಯಟ್ಟು ಟಾರ್ಪಾಲು ಹೊದ್ದು ನುಗ್ಗೆ ಮರದ ಕೆಳಗೆ ವರ್ಷಗಟ್ಟಲೆ ಮಲಗಿತು. ಒಳಗೆ ಬೆಕ್ಕು ಮರಿ ಹಾಕಿತು, ಬಾಗಿಲ ತಳ ತುಕ್ಕು ತಿಂದಿತು. ರಿಟೈರಾಗಿ ಸುಮ್ಮನೆ ಕೂತಿದ್ದ ಭಾವನಿಗೆ ಒಂದು ದಿನ ಏನು ಹೊಕ್ಕಿತೋ, ಟಾರ್ಪಾಲು ಎಳೆದು ಹಾಕಿ, ಪಕ್ಕದ ರಸ್ತೆಯ ಉಗ್ರಪ್ಪನ ಗ್ಯಾರೇಜಿಗೆ ಅದನ್ನು ತಳ್ಳಿಸಿಕೊಂಡು ಹೋದರು. ತಗಡು ಬದಲಾಯಿತು, ಬಣ್ಣ ಬಂತು, ಸೀಟಿನ ಕವರನ್ನು ಅಕ್ಕನೇ ಹೊಲಿದಳು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಭಾವ ಬಿಡಲಿಲ್ಲ. ಮುಂದಿನ ಸ್ಪ್ರಿಂಗು ಕತ್ತರಿಸಿ, ಹಿಂದಿನ ಕಮಾನ್ ಪಟ್ಟಿಯಲ್ಲಿ ಒಂದನ್ನು ತೆಗೆಸಿ, ಕಾರನ್ನು ನೆಲಕ್ಕೆ ಇಳಿಸಿಬಿಟ್ಟರು. ಅರವತ್ತಕ್ಕೆ ಅರಳು ಮರಳು ಅಂತ ಸುಮ್ಮನೆ ಹೇಳುತ್ತಾರೆಯೇ?

ಕಳೆದ ವರಮಹಾಲಕ್ಷ್ಮಿಯ ಹಿಂದಿನ ದಿನ ವಿಜಯನಗರದ ಮಾರ್ಕೆಟ್ಟಿನ ಹತ್ತಿರ ಜಲಜಾ ಹೂವಿಗಾಗಿ ನಿಂತಿದ್ದಳು. ಫಿಯಟ್ಟು ಬಂದು ನಿಂತಿತು. ಬೈಕಿನ ಮೇಲಿದ್ದ ಇಬ್ಬರು ಹುಡುಗರು ಅಂಕಲ್ ಸಖತ್ತಾಗಿ ಡೌನ್ ಮಾಡ್ಸವ್ರೆ ಗುರು ಎಂದು ಶಿಳ್ಳೆ ಹಾಕಿದರು. ಭಾವ ಸುತ್ತಿ ಬಂದು ಎಡಗಡೆಯ ಬಾಗಿಲು ತೆಗೆದು ಎರಡೂ ಕೈ ಚಾಚಿದರು. ಅಕ್ಕ ಆ ಕೈಗಳನ್ನು ಹಿಡಿದುಕೊಂಡಳು, ಏಳಲಿಲ್ಲ. ಭಾವ ಬಗ್ಗಿ ಏನೋ ಕೇಳಿದರು, ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಹಿಂದೆ ಬಸ್ಸು ಹಾರನ್ ಹೊಡೆಯಿತು, ಹೂವಿನವಳು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಕೊನೆಗೊಮ್ಮೆ ಅಕ್ಕ ಎದ್ದು ನಿಂತಳು. ನಿಂತವಳು ನಡುರಸ್ತೆಯಲ್ಲಿ, ಸೊಟ್ಟ ಹಲ್ಲು ಕಾಣುವ ಹಾಗೆ, ಬಾಯಿ ತುಂಬ ನಕ್ಕಳು. ಸೆರಗು ಅಡ್ಡ ಬರಲೇ ಇಲ್ಲ. ಅವಮಾನ ನುಂಗಿಕೊಳ್ಳಲು ಹಾಗೆ ನಗುತ್ತಿದ್ದಾಳೆ ಎಂದೇ ಜಲಜಾ ತಿಳಿದಳು. ಹೂವನ್ನೂ ಕೊಳ್ಳದೆ, ಮಾತೂ ಆಡಿಸದೆ ಮನೆಗೆ ಹೋಗಿಬಿಟ್ಟಳು. ಆ ಕಾರು ಹತ್ತಿದರೆ ನನ್ನ ಹೆಸರು ಜಲಜಾ ಅಲ್ಲ ಎಂದು ಅವತ್ತೇ ಅಂದುಕೊಂಡಿದ್ದಳು.

*

"ಅಕ್ಕನಿಗೆ ಮಂಡಿ ನೋವಿತ್ತು ಅಂತ ನಿಮಗೆ ಗೊತ್ತಿತ್ತಾ ಇಲ್ವಾ ಭಾವ?"

"ಗೊತ್ತಿತ್ತಮ್ಮ."

"ಗೊತ್ತಿದ್ದೂ ಪಡ್ಡೆ ಹುಡುಗರ ಥರ ಕಾರು ತಗ್ಗಿಸಿದ್ರಿ. ಅದರಿಂದ ಏಳೋಕಾಗ್ದೆ ನಮ್ಮಕ್ಕ ಬೀದೀಲಿ ಮೂಟೆ ಥರ ಎಳೆಸ್ಕೋತಿದ್ಲು. ನಾನು ಕಣ್ಣಾರೆ ನೋಡಿದೀನಿ. ಯಾಕೆ ಹಾಗೆ ಮಾಡಿದ್ರಿ? ಹೇಳಿ, ಆಮೇಲೆ ಸೀರೆ."

ಚಿಕ್ಕಮ್ಮ, ಇವತ್ತು ಬೇಡ ಎಂದು ಯಶ್ವಂತ ಮುಂದೆ ಬಂದ. ಬೋರಜ್ಜಿ ಅವನ ತೋಳು ಹಿಡಿದು ನಿಲ್ಲಿಸಿದಳು. ತವರಿನೋರು ಕೇಳವ್ರೆ, ನಿಮ್ಮಪ್ಪ ಹೇಳ್ಲಿ ಬಿಡು ಅಂದಳು.

ಭಾವ ಹೆಂಡತಿಯ ಮುಖವನ್ನೇ ನೋಡಿದರು. ಮಾತು ಅವರಿಗೆ ಯಾವತ್ತೂ ಸಲೀಸಲ್ಲ.

"ಅವಳಿಗೆ ಕಾಲೆತ್ತಿ ಕಾರೊಳಗೆ ಇಡೋಕೆ ಆಗ್ತಿರ್ಲಿಲ್ಲ ಜಲಜಾ. ಎರಡು ಕೈಲೂ ಕಾಲು ಹಿಡಿದು ಎತ್ತಿಡ್ತಿದ್ಲು. ಮಗನ ಕಾರಂತೂ ಇನ್ನೂ ಎತ್ತರ. ಎಲ್ಲಿಗೂ ಬರಲ್ಲ ಅಂತ ಮಿಷನ್ ಮುಂದೇನೇ ಕೂತ್ಬಿಟ್ಲು. ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ ಕಾಲಿಡಿಸಿ ನೋಡ್ದೆ. ಮೂರಿಟ್ಟಿಗೆಗೆ ಇಡ್ತಿದ್ಲು, ನಾಲ್ಕಕ್ಕೆ ಆಗ್ತಿರ್ಲಿಲ್ಲ. ಆ ಮೂರಿಟ್ಟಿಗೆ ತಗೊಂಡ್ಹೋಗಿ ಉಗ್ರಪ್ಪನ ಮುಂದಿಟ್ಟು, ಬಾಗಿಲು ಇಷ್ಟೇ ಎತ್ತರಕ್ಕೆ ಬರ್ಬೇಕು ಅಂದೆ."

"ಮತ್ತೆ ಏಳೋದು?"

"ಕೂರೋದನ್ನ ಯೋಚಿಸ್ದೆ," ಅಂದರು ಭಾವ. "ಏಳೋದು ತಲೆಗೇ ಬರ್ಲಿಲ್ಲ."

ಮೂಲೆಯಲ್ಲಿ ಯಾರೋ ಹೆಂಗಸು ಅಳುವಿನ ನಡುವೆಯೇ ಲೊಚಗುಟ್ಟಿದಳು. ಜಲಜಾ ಬಿಡುವವಳಲ್ಲ. ಗೊತ್ತಾದ ಮೇಲಾದರೂ ಮೊದಲಿನ ಹಾಗೆ ಎತ್ತರ ಮಾಡಿಸಬಹುದಿತ್ತಲ್ಲ ಎಂದಳು.

"ಮಾಡಿಸ್ತೀನಿ ಅಂದೆ. ಅವಳೇ ಬೇಡ ಅಂದ್ಲು."

ಸರಿ ಹೋಯಿತು. ಸತ್ತವಳು ಎದ್ದು ಬಂದು ಸಾಕ್ಷಿ ಹೇಳುತ್ತಾಳೆಯೇ? ಜಲಜಾ ಸೀರೆಯನ್ನು ಕವರಿನಿಂದ ತೆಗೆದು, ಮಡಿಕೆ ಬಿಚ್ಚಿ, ಅಕ್ಕನ ಮೇಲೆ ಹೊದಿಸಿ, ಅಂಚನ್ನು ಎರಡೂ ಕಡೆ ನೇರ ಮಾಡಿದಳು. ಹೊಸ ಸೀರೆ, ಫಾಲ್ ಇಲ್ಲದೆ ಅಂಚು ಸುರುಳಿ ಸುತ್ತಿಕೊಳ್ಳುತ್ತಿತ್ತು. ಅದನ್ನು ಕಂಡು ಅವಳಿಗೆ ಮತ್ತೆ ಅಳು ಒತ್ತಿಕೊಂಡು ಬಂತು. ಈ ಸೀರೆ ಅಕ್ಕನಿಗೆ ಹಾಕಿದ್ದು, ಭಾವನ ಮಾತಿಗೆ ಹಾಕಿದ್ದಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

*

ಮಲ್ಲತ್ತಹಳ್ಳಿ ಕೆರೆಯಾಚೆ ಇವರ ಕುಲದವರ ಸ್ಮಶಾನ. ಹೆಣದ ವ್ಯಾನಿನಲ್ಲೇ ಅಕ್ಕನ ಕಾಲ ಬಳಿ ಕೂತು ಜಲಜಾ ಅಲ್ಲಿಗೆ ಹೋದಳು. ಹಿಂದೆ ಸಾಲಾಗಿ ವಾಹನಗಳು, ಎಲ್ಲಕ್ಕಿಂತ ಹಿಂದೆ ಫಿಯಟ್ಟು. ಇವತ್ತೊಂದು ದಿನ ನೀವು ಓಡಿಸ್ಬೇಡಿ ಎಂದು ಯಶ್ವಂತ ಎಷ್ಟು ಬೇಡಿದರೂ ಭಾವ ಕೇಳಿರಲಿಲ್ಲ. ಎಡಗಡೆಯ ಸೀಟಿನಲ್ಲಿ ಯಾರನ್ನೂ ಕೂರಿಸಿಕೊಂಡಿರಲಿಲ್ಲ. ಮಣ್ಣು ಕೊಟ್ಟರು, ಊದುಬತ್ತಿ ಹಚ್ಚಿದರು, ಹಿಂದಿರುಗಿ ನೋಡದೆ ಎಲ್ಲರೂ ಹೊರಟರು.

ಹೊರಗೆ ಬಂದು ನೋಡಿದರೆ ವ್ಯಾನು ಆಗಲೇ ಹೋಗಿತ್ತು. ಯಶ್ವಂತನ ಕಾರಿನಲ್ಲಿ ಉಸಿರಾಡಲೂ ಜಾಗವಿಲ್ಲ. ಜಲಜಾ ಆಟೋ ಹಿಡಿದು ಸೀದಾ ತನ್ನ ಮನೆಗೇ ಹೋಗುತ್ತೇನೆ ಅಂದಳು. ಕಾರಿನ ಕಿಟಕಿಯಿಂದ ಬೋರಜ್ಜಿ ಗದರಿದಳು. ಮಣ್ಣು ಕೊಟ್ಟೋರು ಮನೆ ದೀಪ ನೋಡ್ದೆ ಹೋಗೋದುಂಟಾ, ಅದೂ ತವರಿನೋಳು. ಹೋಗು, ನಿಮ್ಮ ಭಾವನ ಕಾರು ಖಾಲಿ ಇದೆ.

ಬೇರೆ ದಾರಿಯಿರಲಿಲ್ಲ. ಜಲಜಾ ಮುಖ ಬಿಗಿದುಕೊಂಡು ಫಿಯಟ್ಟಿನ ಬಾಗಿಲು ತೆಗೆದಳು. ಎಲ್ಲಿ ಹತ್ತಿದರೂ ಮಂಡಿಯಲ್ಲಿ ಸೂಜಿ ಚುಚ್ಚುವ ಕಾಲು ಅವಳದು. ನೋವಿಗೆ ತಯಾರಾಗಿ ಕಾಲೆತ್ತಿದಳು. ಕಾಲು ಹೊಸ್ತಿಲು ದಾಟಿದ ಹಾಗೆ ಸುಮ್ಮನೆ ಒಳಗೆ ಹೋಯಿತು. ಇನ್ನೊಂದೂ ಹೋಯಿತು. ಅವಳು ಒಂದು ಗಳಿಗೆ ಆ ಬಾಗಿಲಂಚನ್ನೇ ನೋಡುತ್ತ ಕೂತಳು. ಮೂರಿಟ್ಟಿಗೆ ಅಂದದ್ದು ನೆನಪಾಯಿತು.

ಕಾರು ಹೊರಟಿತು. ಹಂಪು ಬಂದಲ್ಲೆಲ್ಲ ಭಾವ ಕಾರನ್ನು ಓರೆ ಮಾಡಿ, ಒಂದೊಂದೇ ಗಾಲಿಯನ್ನು ಹತ್ತಿಸಿ ಇಳಿಸಿದರು. ಹಿಂದಿನವರು ಹಾರನ್ ಹೊಡೆದು ಬೈದುಕೊಂಡು ಮುಂದೆ ಹೋದರು. ಒಂದು ದೊಡ್ಡ ಹಂಪಿನ ಮುಂದೆ ಭಾವ ರಸ್ತೆಯಿಂದ ಕಣ್ಣು ತೆಗೆಯದೆ, ಮೆತ್ತಗೆ, "ಹಿಡ್ಕೋ ದೇವಿ," ಅಂದರು. ಅಂದವರು ಬೆಚ್ಚಿ ಬಾಯಿ ಮುಚ್ಚಿಕೊಂಡರು. ಅಕ್ಕನಿಗೆ ಅಂಥದೊಂದು ಹೆಸರಿತ್ತೆಂದು ಜಲಜಾಳಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಅವಳು ಕಿಟಕಿಯ ಕಡೆ ತಿರುಗಿ, ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮನೆ ಮುಂದೆ ಕಾರು ನಿಂತಿತು. ಮೊದಲೇ ಬಂದವರು ಕಾಲು ತೊಳೆದು ಒಳಗೆ ಹೋಗುತ್ತಿದ್ದರು. ಸೊಸೆ ಸ್ಪಂದನ ಗೇಟಿನಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದಳು. ಜಲಜಾ ಕಾಲು ಹೊರಗಿಟ್ಟು ಏಳಲು ನೋಡಿದಳು. ಆಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನೋಡಿದಳು. ಮಂಡಿ ಕೇಳಲಿಲ್ಲ, ಸೊಂಟ ಮತ್ತೆ ಸೀಟಿಗೆ ಕುಸಿಯಿತು.

ಅಷ್ಟರಲ್ಲಿ ಭಾವ ಸುತ್ತಿ ಬಂದಿದ್ದರು. ಬಗ್ಗಿ ಎರಡೂ ಕೈ ಚಾಚಿದರು. ಉಗುರಿನ ಸಂದಿಯಲ್ಲಿ ಸ್ಮಶಾನದ ಮಣ್ಣು ಇನ್ನೂ ಇತ್ತು. ಜಲಜಾ ಹಿಂದುಮುಂದು ನೋಡಿದಳು. ಭಾವನ ಕೈ ಹಿಡಿಯುವುದೆಂದರೇನು, ಅದೂ ನಡುಬೀದಿಯಲ್ಲಿ. ಆದರೆ ಏಳಬೇಕಲ್ಲ. ಕಣ್ಣು ತಗ್ಗಿಸಿ ಎರಡೂ ಕೈ ಕೊಟ್ಟಳು.

ಭಾವ ಎಳೆಯಲಿಲ್ಲ. ಹಿಮ್ಮಡಿಯ ಮೇಲೆ ಭಾರ ಬಿಟ್ಟು ಹಾಗೇ ನಿಂತರು. ಅವಳು ತಲೆಯೆತ್ತಿ ನೋಡಿದಳು.

"ನೀನು ಹೂಂ ಅಂದ್ಮೇಲೆ," ಅಂದರು ಭಾವ. "ಹೂಂ ಅನ್ನೋವರ್ಗೂ ಎಳೀಬಾರ್ದು ಅಂತ ಅವಳ ಆರ್ಡರು. ಬೇಗ ಹೂಂ ಅಂತಾನೇ ಇರ್ಲಿಲ್ಲ. ಬಸ್ಸು, ಜನ, ಎಲ್ಲಾ ನಿಂತಿದ್ರೂ ಸರಿ, ಕೈ ಹಿಡ್ಕೊಂಡು ಕೂತಿರೋಳು. ಇನ್ನೂ ಇಲ್ಲ, ಇನ್ನೂ ಇಲ್ಲ ಅಂತ."

ವಿಜಯನಗರದ ಆ ರಸ್ತೆ, ಹಾರನ್ ಹೊಡೆಯುವ ಬಸ್ಸು, ಕಾರಿನೊಳಗಿಂದ ಇಲ್ಲವೆಂದು ತಲೆಯಾಡಿಸುವ ಅಕ್ಕ. ಜಲಜಾ ಹಿಡಿದ ಕೈಗಳನ್ನೇ ನೋಡಿದಳು. ಅಯ್ಯೋ ಕಳ್ಳಿ, ಎಂಥ ಕಳ್ಳಿಯೇ ನೀನು, ಅಂದುಕೊಂಡಳು.

ಒಳಗಿನಿಂದ ಬೋರಜ್ಜಿ ದೀಪಕ್ಕೆ ಎಣ್ಣೆ ಮುಗೀತಿದೆ, ಬೇಗ ಬನ್ನಿ ಎಂದು ಕೂಗಿದಳು. ಬೀದಿಯ ತಿರುವಿನಲ್ಲಿ ನೀರಿನ ಟ್ಯಾಂಕರೊಂದು ದಾರಿಗಾಗಿ ಹಾರನ್ ಹೊಡೆಯಿತು. ಭಾವ ಬಗ್ಗಿದಲ್ಲೇ ಕಾಯುತ್ತಿದ್ದರು. ಜಲಜಾ ಹೂಂ ಅನ್ನಲಿಲ್ಲ. ಬೆಳಿಗ್ಗೆಯಿಂದ ಅಳುತ್ತಲೇ ಇದ್ದವಳಿಗೆ ಎಲ್ಲಿಂದಲೋ, ತಡೆಯಲಾರದಂತೆ, ನಗು ಉಕ್ಕಿ ಬಂತು. ಸಾವಿನ ಮನೆ, ಎದುರಿಗೆ ಸ್ಪಂದನ, ಮಹಡಿಗಳ ಮೇಲೆಲ್ಲ ಜನ. ಬಾಯಿಗೆ ಸೆರಗು ಅಡ್ಡ ಹಿಡಿಯೋಣವೆಂದರೆ ಎರಡೂ ಕೈ ಭಾವನ ಕೈಯಲ್ಲಿದ್ದವು.